ಬಸುರಿ ಮಾತೆಯ ಅಂಚೆಚೀಟಿ

ನಮ್ಮೂರು ಮೊಂತೆಸ್ಪೀನದಲ್ಲಿ ಹೊತ್ತು ತಿಳಿಯಲು ಚರ್ಚಿನ ಗಂಟೆಯನ್ನು ಯಾರೂ ನಂಬುತ್ತಿರಲಿಲ್ಲ. ಅದನ್ನು ಬಾರಿಸುವವನು ಕುಡುಕ. ಜನ ನಂಬಿದ್ದು ಎರ್ಸೀಲಿಯಳ ಸೀಲನ್ನು. ಟಪ್ಪಾಲು ಹೊರಡುವ ಮುಂಚೆ ಅವಳು ಲಕೋಟೆಗಳ ರಾಶಿಯನ್ನು ಎದುರಿಗಿಟ್ಟುಕೊಂಡು ಇಂಕಿನ ದಿಂಬಿಗೊಂದು, ಲಕೋಟೆಗೊಂದು, ಠಪ್ ಠಪ್ ಎಂದು ಶುರು ಮಾಡಿದಳೆಂದರೆ, ಬೀದಿಯ ಈಚೆಗಿದ್ದ ನನ್ನ ಕಾಫಿ ಅಂಗಡಿಯಲ್ಲಿ ಲೋಟಗಳು ಅಲುಗುತ್ತಿದ್ದವು. ಮನೆಮನೆಯಲ್ಲಿ ಹೆಂಗಸರು ಮಧ್ಯಾಹ್ನದ ಅಡಿಗೆಗೆ ನೀರಿಡುತ್ತಿದ್ದರು.

ಎರ್ಸೀಲಿಯ ದೊಡ್ಡ ಮೂಳೆಯ ಹೆಂಗಸು. ಗಂಡ ಕಲ್ಲುಗಣಿಯಲ್ಲಿ ಸತ್ತ ಮೇಲೆ ಅಂಚೆ ಕಚೇರಿಯ ಕೆಲಸ ಸಿಕ್ಕಿ, ಆ ಕಬ್ಬಿಣದ ಸೀಲಿನ ಹಿಡಿಯನ್ನೇ ಹಿಡಿದು ಮಗಳು ನೀವೆಸ್‌ಳನ್ನು ಸಾಕಿದಳು. ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಅವಳ ರವಿಕೆಗೆ ಎರಡು ಅಳತೆ ತೆಗೆಯಬೇಕು ಎಂದು ದರ್ಜಿ ಗೊಣಗುತ್ತಿದ್ದ. ಅವಳ ಸೀಲು ಎಂದೂ ಓರೆಯಾದದ್ದಿಲ್ಲ, ಮಸಕಾದದ್ದಿಲ್ಲ. ಅವಳಿಗೆ ಇದ್ದ ಹೆಮ್ಮೆ ಅದೊಂದೇ. ಉಳಿದ ವಿಷಯದಲ್ಲೆಲ್ಲ ಅವಳು ಎಲ್ಲರ ಮಾತನ್ನೂ ಕೇಳುವವಳು, ಹಾಗಾಗಿ ಯಾವಾಗಲೂ ಗೊಂದಲದಲ್ಲಿರುವವಳು. ನಾನು ಸೆತ್ತೀಮಿಯೊ, ಕೆಂಪು ಬಾವುಟದ ಪಾರ್ಟಿಯ ಮನುಷ್ಯ. ಪಾದ್ರಿಗಳ ಮಾತು ಬಂದರೆ ನನ್ನ ನಾಲಿಗೆಗೆ ಲಗಾಮಿಲ್ಲ. ನನ್ನ ಮಾತನ್ನೂ ಅವಳು ಕೇಳುತ್ತಿದ್ದಳು, ಪಾದ್ರಿಯ ಮಾತನ್ನೂ ಕೇಳುತ್ತಿದ್ದಳು. ಎರಡನ್ನೂ ಒಂದೇ ಹೊಟ್ಟೆಗೆ ಹಾಕಿಕೊಂಡರೆ ಅಜೀರ್ಣವಾಗದೆ ಇನ್ನೇನಾದೀತು?

ಈಗ ಬಸುರಿ ಮಾತೆಯ ವಿಷಯ. ಗಿರಣಿಯ ಪಕ್ಕದ ಸಣ್ಣ ಚರ್ಚಿನ ಗೋಡೆಯ ಮೇಲೆ ನಮ್ಮೂರಿನ ಬಾಲ್ದೊ ಎಂಬ ಚಿತ್ರಕಾರ ಐನೂರು ವರ್ಷದ ಹಿಂದೆ ಮರಿಯ ಮಾತೆಯನ್ನು ಬರೆದಿದ್ದಾನೆ. ಕೈಯಲ್ಲಿ ಮಗುವಿಲ್ಲ. ಮಗು ಇನ್ನೂ ಹೊಟ್ಟೆಯಲ್ಲೇ ಇದೆ. ಮಾತೆ ಅದರ ಮೇಲೆ ಕೈಯಿಟ್ಟು, ಸೊಂಟ ನೋವು ಎನ್ನುವ ಮುಖ ಮಾಡಿಕೊಂಡು ನಿಂತಿದ್ದಾಳೆ. ಫ್ಲಾರೆನ್ಸಿನಿಂದ ಬರುವ ಪಂಡಿತರು ಅದನ್ನು ನೋಡಿ ಬೆಳಕು ಎನ್ನುತ್ತಾರೆ, ನೆರಳು ಎನ್ನುತ್ತಾರೆ. ನಮ್ಮ ಹೆಂಗಸರು ಎಷ್ಟು ತಿಂಗಳು ಎಂದು ಚರ್ಚೆ ಮಾಡುತ್ತಾರೆ. ನನ್ನ ಹೆಂಡತಿ ಆರ್ಜಿಯಳ ಪ್ರಕಾರ ಎಂಟು ತುಂಬಿದೆ.

ಊರಿನಲ್ಲಿ ಯಾರು ಬಸುರಾದರೂ ಮೊದಲು ಆ ಮಾತೆಗೆ ಒಂದು ಬ್ರೆಡ್ಡು ಇಟ್ಟು ಬರುತ್ತಾರೆ. ಅಂದಿನಿಂದ ಹೆರಿಗೆಯಾಗುವ ತನಕ ಆ ಮನೆಯವರು ಯಾರೂ ಸುತ್ತಿಗೆ ಎತ್ತುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಕಬ್ಬಿಣದಿಂದ ಕುಟ್ಟಿದರೆ ಏಟು ಒಳಗಿನ ಕೂಸಿಗೆ ತಾಗುತ್ತದಂತೆ. ನಾನು ನಂಬುವುದಿಲ್ಲ. ಆದರೆ ಆರ್ಜಿಯ ಬಸುರಾಗಿದ್ದಾಗ ಅಂಗಡಿಯ ಬಾಗಿಲ ಕೀಲು ಕಳಚಿತ್ತು, ನಾನು ಹೆರಿಗೆ ಆಗುವವರೆಗೂ ಅದನ್ನು ಹಗ್ಗದಲ್ಲಿ ಕಟ್ಟಿಟ್ಟಿದ್ದೆ. ಯಾಕೆ ಎಂದು ಕೇಳಬೇಡಿ.

ನೀವೆಸ್‌ಳ ಗಂಡ ಅಡೆಲ್ಮೊ ನಮ್ಮೂರಿನವನೇ, ಒಳ್ಳೆಯ ಹುಡುಗ. ಸ್ವಿಟ್ಜರ್ಲೆಂಡಿನ ಕಾರ್ಖಾನೆಯಲ್ಲಿ ಕೆಲಸ; ಕ್ರಿಸ್‌ಮಸ್ಸಿಗೆ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಬರುತ್ತಿದ್ದ. ನೀವೆಸ್ ಮೊದಲ ಸಲ ಬಸುರಾದಾಗ ಅವನಿಗೆ ಕಾಗದ ಬರೆದಳು; ಹಿಂದೆಯೇ ಹೋಯಿತು ಎಂದು ಇನ್ನೊಂದು ಕಾಗದ ಬರೆಯಬೇಕಾಯಿತು. ರಜೆಯಲ್ಲಿ ಬಂದವನು ಅಡಿಗೆಮನೆಯಲ್ಲಿ ಹಲಗೆಗೆ ಮೊಳೆ ಹೊಡೆದಿದ್ದ, ಅದರಿಂದಲೇ ಎಂದು ಹೆಂಗಸರು ತೀರ್ಪು ಕೊಟ್ಟರು. ಎರಡನೆಯ ಸಲ ಆ ಮನೆಯಲ್ಲಿ ಒಂದು ಗುಂಡುಸೂಜಿಯನ್ನೂ ಯಾರೂ ಚುಚ್ಚಲಿಲ್ಲ. ಆದರೂ ಹೋಯಿತು. ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ ನನ್ನ ಆರ್ಜಿಯ ಬಾಯಿಬಿಟ್ಟಳು.

"ಅಲ್ಲ, ಅವಳ ಅಮ್ಮ ದಿನಾ ಬೆಳಗ್ಗೆಯಿಂದ ಏನ್ಮಾಡ್ತಾಳೆ? ಕಬ್ಬಿಣದಿಂದ ಕುಟ್ಟೋದೇ ತಾನೆ?"

"ಅದು ಸುತ್ತಿಗೆ ಅಲ್ಲ ಕಣೇ, ಸರ್ಕಾರಿ ಸೀಲು," ಎಂದೆ ನಾನು.

"ಸರ್ಕಾರದ ಏಟು ಏಟಲ್ವಾ? ನಿಮ್ಮ ಪಾರ್ಟಿಯೋರೇ ಹೇಳ್ತಿರ್ತೀರಲ್ಲ, ಅದೇ ಜೋರು ಅಂತ."

ಮಾತು ಬೀದಿ ದಾಟಿ ಎರ್ಸೀಲಿಯಳ ಕಿವಿಗೂ ಬಿತ್ತು. ಅವಳು ಆವತ್ತು ನನ್ನ ಅಂಗಡಿಗೆ ಬಂದು ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು, ಯಾರದೋ ಕೈ ಎನ್ನುವಂತೆ ನೋಡುತ್ತ ಕೂತಳು. "ಸೆತ್ತೀಮಿಯೊ, ನಾನೇ ಕೊಂದ್ನಾ?" ಎಂದಳು. ಹುಚ್ಚಿ, ಹೋಗು ಎಂದೆ. ಆರ್ಜಿಯಳ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಮೂರನೆಯ ಸಲ, ಅಡೆಲ್ಮೊ ಕ್ರಿಸ್‌ಮಸ್ಸಿಗೆ ಬಂದುಹೋದ ಮೇಲೆ, ನೀವೆಸ್‌ಗೆ ದಿನ ನಿಂತಿತು. ಈ ಸಲ ಅವಳು ಗಂಡನಿಗೆ ಬರೆಯಲೇ ಇಲ್ಲ. ಆಸೆ ತೋರಿಸಿ ಕಿತ್ತುಕೊಳ್ಳುವುದು ಎರಡು ಸಲ ಸಾಕು ಎಂದಳು. ಎರ್ಸೀಲಿಯ ಪೋಸ್ಟ್‌ಮಾಸ್ತರ್ ಫುಲ್ಜೆಂತ್ಸಿಯೊ ಎದುರು ಕೈಮುಗಿದು ನಿಂತು, ತನ್ನನ್ನು ಮನಿಆರ್ಡರ್ ಕಿಟಕಿಗೆ ಹಾಕಿ ಎಂದು ಬೇಡಿಕೊಂಡಳು. ಆತ ಪಟ್ಟಣದಲ್ಲಿ ಓದಿ ಬಂದವನು; ಮೂಢನಂಬಿಕೆ, ಮಧ್ಯಯುಗ ಎಂದೆಲ್ಲ ಬೈದ. ಬೈದು ಮುಗಿಸಿ ಸೀಲನ್ನು ತಾನೇ ತೆಗೆದುಕೊಂಡ. ಅಲ್ಲಿಂದ ಮುಂದೆ ನಮ್ಮೂರಿನ ಕಾಗದಗಳ ಮೇಲೆ ಸೀಲು ಓರೆಯಾಗಿ ಬೀಳತೊಡಗಿತು, ಹೆಂಗಸರ ಅಡಿಗೆಯ ಹೊತ್ತೂ ತಪ್ಪಿತು.

ಹೀಗೆ ನಾಲ್ಕು ತಿಂಗಳು ಸಾಗಿದಾಗ ಮೇಲಿನಿಂದ ಸುದ್ದಿ ಬಂತು. ಬಾಲ್ದೊ ಸತ್ತು ಐನೂರು ವರ್ಷವಾದ ನೆನಪಿಗೆ ಅಂಚೆಚೀಟಿ ಬರುತ್ತದೆ. ಚಿತ್ರ ಬೇರೆ ಯಾವುದೂ ಅಲ್ಲ, ನಮ್ಮ ಬಸುರಿ ಮಾತೆಯೇ. ಚೀಟಿ ಹೊರಬರುವ ಮೊದಲ ದಿನದ ವಿಶೇಷ ಸೀಲನ್ನು ಮೊಂತೆಸ್ಪೀನದಲ್ಲೇ ಹೊಡೆಯಬೇಕು; ದೇಶದ ಎಲ್ಲ ಕಡೆಯಿಂದ ಚೀಟಿ ಸಂಗ್ರಹಿಸುವವರು ಬರುತ್ತಾರೆ. ಪೋಸ್ಟ್‌ಮಾಸ್ತರ್ ಅತಿಥಿಗಳ ಜೊತೆ ನಿಲ್ಲಬೇಕು, ಕಚೇರಿಯಲ್ಲಿ ಇನ್ನೊಬ್ಬರಿಲ್ಲ. ಸೀಲು ಹೊಡೆಯಬೇಕಾದವಳು ಎರ್ಸೀಲಿಯ.

"ನಿನ್ನಂಥ ಕೈ ಈ ಜಿಲ್ಲೇಲಿ ಇನ್ನೊಂದಿಲ್ಲ," ಎಂದ ಪೋಸ್ಟ್‌ಮಾಸ್ತರ್. "ಒಂದು ದಿನದ ಕೆಲಸ. ಆಗಲ್ಲ ಅಂದ್ರೆ ನಾನು ಮೇಲಕ್ಕೆ ಬರೀಬೇಕಾಗುತ್ತೆ, ಅವರು ನಿನ್ನನ್ನ ಸಮುದ್ರದ ಕಡೆ ಎಲ್ಲಿಗಾದ್ರೂ ಎತ್ತಿ ಹಾಕ್ತಾರೆ. ಬಸುರಿ ಮಗಳನ್ನ ಬಿಟ್ಟು ಹೋಗ್ತೀಯಾ?"

ಮೊದಲ ಹಾಳೆ ಬಂದ ದಿನ ಅವಳು ಅದನ್ನು ನನ್ನ ಅಂಗಡಿಗೆ ತಂದು ತೋರಿಸಿದಳು. ಮಾತೆ ತಲೆಯಿಂದ ಪಾದದವರೆಗೆ ಇದ್ದಳು, ಚೀಟಿಯ ನಟ್ಟನಡುವೆ ಆ ಹೊಟ್ಟೆ, ಹೊಟ್ಟೆಯ ಮೇಲೆ ಕೈ. ವಿಶೇಷ ಸೀಲು ಲೋಟದ ಬಾಯಷ್ಟು ಅಗಲ. ಎಲ್ಲಿ ಇಟ್ಟರೂ ಅದರ ಅಂಚು ಮಾತೆಯ ಹೊಟ್ಟೆಯ ಮೇಲೆಯೇ ಬರುತ್ತಿತ್ತು. ಮನೆಯಲ್ಲಿ ಬಸುರಿ, ಕೈಯಲ್ಲಿ ಕಬ್ಬಿಣ, ಕೆಳಗೆ ಬಸುರಿ ಮಾತೆಯ ಹೊಟ್ಟೆ. ಅತ್ತ ದರಿ ಇತ್ತ ಪುಲಿ ಎನ್ನುವುದಕ್ಕೆ ಇದಕ್ಕಿಂತ ಬೇರೆ ಬೇಕೆ?

ಅದೇ ಹೊತ್ತಿಗೆ ಪಾದ್ರಿ ಡೊನ್ ಉಬಾಲ್ದೊ ತಮ್ಮ ಕಾಫಿಗೆ ಸೋಂಪಿನ ಸಾರಾಯಿ ಎರಡು ಹನಿ ಬೆರೆಸಿಕೊಳ್ಳಲು ಬಂದರು. ನಾನು ಎರಡು ಹನಿ ಎಂದರೆ ಎಷ್ಟು ಎಂದು ಬಲ್ಲವನಾದ್ದರಿಂದ ಸೀಸೆಯನ್ನೇ ಮುಂದಿಟ್ಟೆ. ಎರ್ಸೀಲಿಯ ಅವರನ್ನು ಹಿಡಿದುಕೊಂಡಳು.

"ಸ್ವಾಮಿ, ದೇವರ ಪಟ ಹಳೇದಾದ್ರೂ ಹರೀಬಾರದು, ಎಸೀಬಾರದು, ಚರ್ಚಿಗೆ ತಂದುಕೊಡಿ ಅಂತ ನೀವೇ ಹೇಳಿದ್ರಿ."

"ಹೇಳಿದ್ದೆ."

"ಈಗ ಅದೇ ಮಾತೆ ಚೀಟಿ ಮೇಲೆ ಬಂದ್ರೆ ನಾನು ಕುಟ್ಟಬಹುದಾ?"

"ಅದು ಪಟ ಅಲ್ಲಮ್ಮ, ಅಂಚೆಚೀಟಿ."

"ಎರಡೂ ಪ್ರೆಸ್ಸಿನಲ್ಲೇ ತಾನೆ ಅಚ್ಚಾಗೋದು?"

ಡೊನ್ ಉಬಾಲ್ದೊ ಒಂದು ಗುಟುಕು ಕುಡಿದು ಯೋಚಿಸಿದರು. "ಪಟಕ್ಕೆ ನಾವು ತೀರ್ಥ ಚಿಮುಕಿಸಿ ಆಶೀರ್ವಾದ ಮಾಡಿರ್ತೀವಿ. ಆಶೀರ್ವಾದ ಆಗೋ ತನಕ ಅದು ಬರೀ ಕಾಗದ. ನಿನ್ನ ಚೀಟಿಗೆ ಯಾರು ಆಶೀರ್ವಾದ ಮಾಡ್ತಾರೆ? ಧೈರ್ಯವಾಗಿ ಹೊಡಿ."

"ಅಂದ್ರೆ ಅದು ಮಾತೆ ಅಲ್ಲ?"

"ಅಲ್ಲ."

"ಹಾಗಾದ್ರೆ ನಮ್ಮ ಹೆಂಗಸರು ಅದನ್ನ ಕೊಂಡ್ಕೊಂಡು ಸೊಂಟದ ಪಟ್ಟಿ ಒಳಗೆ ಇಟ್ಕೋಬೇಕು ಅಂತಿದಾರಲ್ಲ, ಅದು ತಪ್ಪಾ?"

"ತಪ್ಪು ಅಂತ ಹೇಗಮ್ಮ ಹೇಳೋದು? ಭಕ್ತಿಯಿಂದ ಇಟ್ಕೊಂಡ್ರೆ..."

"ಇಟ್ಕೊಂಡ್ರೆ ಮಾತೆ, ಹೊಡೆದ್ರೆ ಕಾಗದ. ಭಲೇ ಸ್ವಾಮಿ," ಎಂದೆ ನಾನು. ಡೊನ್ ಉಬಾಲ್ದೊ ನನ್ನನ್ನು ದುರುಗುಟ್ಟಿ ನೋಡಿ, ಇನ್ನೂ ಎರಡು ಹನಿ ಹಾಕಿಕೊಂಡರು. ಆದರೂ ಎರ್ಸೀಲಿಯಳಿಗೆ ಹಿಡಿದುಕೊಳ್ಳಲು ಒಂದು ಕಡ್ಡಿ ಸಿಕ್ಕಿತ್ತು. ಆಶೀರ್ವಾದ ಆಗಿಲ್ಲ, ಬರೀ ಕಾಗದ. ವಾರವಿಡೀ ಅದನ್ನೇ ಜಪ ಮಾಡಿಕೊಂಡು ಓಡಾಡಿದಳು.

ಆ ಕಡ್ಡಿಯನ್ನು ಮುರಿದವರು ನಮ್ಮ ಪಾರ್ಟಿಯವರೇ, ಹೇಳಲು ನಾಚಿಕೆಯಾಗುತ್ತದೆ. ಜೂನ್ ತಿಂಗಳ ಆ ಬೆಳಿಗ್ಗೆ ವಾದ್ಯದವರು ಬಂದರು, ಕಚೇರಿಯ ಮುಂದೆ ಮೇಜು ಹಾಕಿ ಕೆಂಪು ಬಟ್ಟೆ ಹೊದಿಸಿದರು. ಮೇಜಿನ ಹಿಂದೆ ಎರ್ಸೀಲಿಯ, ಇಸ್ತ್ರಿ ಮಾಡಿದ ಕಪ್ಪು ಅಂಗಿ, ಕೈಯಲ್ಲಿ ಹೊಳೆಯುವ ಹೊಸ ಸೀಲು. ನಮ್ಮ ಮೇಯರ್ ಇದ್ದಾನಲ್ಲ, ಧರ್ಮ ಅಫೀಮು ಎಂದು ನನ್ನ ಅಂಗಡಿಯಲ್ಲೇ ಮೇಜು ಗುದ್ದುವವನು, ಸಮಾರಂಭಕ್ಕೆ ಕಳೆ ಬರಲಿ ಎಂದು ಯಾರಿಗೂ ಹೇಳದೆ ಬಿಷಪ್ಪರನ್ನೇ ಕರೆಸಿಬಿಟ್ಟಿದ್ದ. ಮುದುಕ ಬಿಷಪ್ಪರು ಕಾರಿನಿಂದಿಳಿದವರೇ ಚೀಟಿಗಳ ರಾಶಿಯ ಮೇಲೆ ಧಾರಾಳವಾಗಿ ತೀರ್ಥ ಚಿಮುಕಿಸಿ ಆಶೀರ್ವಾದ ಮಾಡಿದರು. ಮೇಲಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು.

ನಾನು ಎರ್ಸೀಲಿಯಳ ಮುಖ ನೋಡಿದೆ. ಅವಳು ಡೊನ್ ಉಬಾಲ್ದೊ ಕಡೆ ನೋಡಿದಳು. ಡೊನ್ ಉಬಾಲ್ದೊ ವಾದ್ಯದವರ ಕಡೆ ನೋಡಿದರು.

ಸಾಲು ಚೌಕ ದಾಟಿ ಬಾವಿಯ ತನಕ ಇತ್ತು. ಚಿಮುಟ, ಭೂತಗನ್ನಡಿ ಹಿಡಿದ ಗಂಡಸರು, ಒಬ್ಬೊಬ್ಬರ ಕೈಯಲ್ಲೂ ಲಕೋಟೆಗಳ ಕಟ್ಟು. ಎರ್ಸೀಲಿಯ ಮೊದಲ ಲಕೋಟೆಯನ್ನು ಎಳೆದುಕೊಂಡಳು. ಸೀಲನ್ನು ಎತ್ತಿದಳು. ಎತ್ತಿದ ಕೈ ಮೇಲೆಯೇ ನಿಂತಿತು. ಆಮೇಲೆ, ಮಲಗಿದ ಮಗುವಿಗೆ ದುಪ್ಪಟಿ ಹೊದಿಸುವ ಹಾಗೆ ಮೆಲ್ಲಗೆ ಇಳಿಸಿ ಚೀಟಿಗೆ ಮುಟ್ಟಿಸಿ ತೆಗೆದಳು. ಸದ್ದೇ ಆಗಲಿಲ್ಲ. ಇಂಕೂ ಹತ್ತಲಿಲ್ಲ.

ಬೊಲೋನ್ಯದಿಂದ ಬಂದಿದ್ದ ಬಿಳಿಗಡ್ಡದವನು ಲಕೋಟೆಯನ್ನು ಬಿಸಿಲಿಗೆ ಹಿಡಿದು ನೋಡಿದ. "ಏನಮ್ಮ ಇದು, ಸೀಲಾ, ಬೆವರಿನ ಕಲೆಯಾ?"

"ಬಿದ್ದಿದೆ ಸ್ವಾಮಿ, ಬಿದ್ದಿದೆ."

"ಊರ ಹೆಸರೂ ಕಾಣಲ್ಲ, ತಾರೀಖೂ ಕಾಣಲ್ಲ. ಇದಕ್ಕೋಸ್ಕರ ನಾನು ರೈಲು ಹತ್ತಿ ಬಂದಿದ್ದಾ?"

ಹಿಂದಿನವರು ಗೊಣಗಿದರು. ಪೋಸ್ಟ್‌ಮಾಸ್ತರ್ ಅವಳ ಕಿವಿಯ ಬಳಿ ಬಗ್ಗಿ, ಅತಿಥಿಗಳ ಕಡೆ ನಗುತ್ತಲೇ, ಹಲ್ಲು ಕಚ್ಚಿ ಹೇಳಿದ. "ಜೋರಾಗಿ ಹೊಡಿ. ಮಾನ ತೆಗೀತಿದೀಯ."

"ಆಶೀರ್ವಾದ ಆಗೋಯ್ತಲ್ಲ ಸಾಹೇಬ್ರೇ."

"ಆದ್ರೆ ಒಳ್ಳೇದೇ ಆಯ್ತಲ್ಲ. ಹೊಡಿ."

ಅವಳು ಹೊಡೆಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಹಾಗೇ ಮುಟ್ಟಿಸಿ ಮುಟ್ಟಿಸಿ ತೆಗೆದಳು. ಅವಳ ಸೀಲನ್ನು ಮಸಕು ಎಂದು ಯಾರೋ ಬೈಯುವುದನ್ನು ನಾನು ನನ್ನ ಜೀವಮಾನದಲ್ಲಿ ಕೇಳಿರಲಿಲ್ಲ. ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಬಿಷಪ್ಪರ ಮೇಲೋ, ಮೇಯರ್ ಮೇಲೋ, ಸರಿಯಾಗಿ ಹೊಟ್ಟೆಯನ್ನೇ ನಡುವೆ ಇಟ್ಟ ಬಾಲ್ದೊ ಮೇಲೋ. ಕೊನೆಗೆ ನನ್ನ ಆರ್ಜಿಯಳ ಮೇಲೆ ಹರಿಹಾಯ್ದೆ. ಅವಳು ಆಗತಾನೇ ತಂಗಿಯ ಮಗಳಿಗೆಂದು ಎರಡು ಚೀಟಿ ಕೊಂಡು ಎದೆಗೆ ಸಿಕ್ಕಿಸಿಕೊಂಡು ಬಂದಿದ್ದಳು.

ಆಗ ಸಾಲಿನವರು ತಾವಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನೀವೆಸ್ ಬಂದಳು. ಆರು ತಿಂಗಳ ಹೊಟ್ಟೆ, ಬಿಸಿಲಿಗೆ ಕೆಂಪಾದ ಮುಖ, ಕೈಯಲ್ಲಿ ಒಂದು ಲಕೋಟೆ. ಅದಕ್ಕೆ ಬಸುರಿ ಮಾತೆಯ ಚೀಟಿ ಅಂಟಿಸಿತ್ತು.

"ಇಷ್ಟು ಬಿಸಿಲಲ್ಲಿ ಯಾಕೆ ಬಂದೆ?" ಎಂದಳು ಎರ್ಸೀಲಿಯ.

"ಅಡೆಲ್ಮೊಗೆ ಕಾಗದ ಹಾಕ್ಬೇಕು."

ಎರ್ಸೀಲಿಯ ದನಿ ತಗ್ಗಿಸಿದಳು. "ಬರೆದ್ಯಾ ಅವನಿಗೆ?"

"ಹುರುಳಿಕಾಯಿ ಚೆನ್ನಾಗಿ ಬಂದಿದೆ, ಸ್ವೆಟರ್ ಒಗೆಸ್ಕೋ ಅಂತ ಬರೆದಿದೀನಿ."

"ಅದನ್ನ?"

"ಅದನ್ನ ಬರೆದಿಲ್ಲಮ್ಮ. ಬರೆಯೋಕೆ ಕೂತ್ರೆ ಹಿಂದಿನ ಸಲದ ಕಾಗದಗಳೇ ನೆನಪಿಗೆ ಬರ್ತವೆ. ಚೀಟಿ ನೋಡ್ತಾನಲ್ಲ, ಸಾಕು. ಮೊಂತೆಸ್ಪೀನದೋನಿಗೆ ಈ ಮಾತೆ ಯಾಕೆ ಬಂದಿದಾಳೆ ಅಂತ ಗೊತ್ತಾಗಲ್ವಾ?"

ಎರ್ಸೀಲಿಯ ಲಕೋಟೆಯನ್ನು ನೋಡಿದಳು, ಮಗಳ ಹೊಟ್ಟೆಯನ್ನು ನೋಡಿದಳು. "ಇದೊಂದಕ್ಕೆ ಸೀಲು ಬೇಡ. ಹಾಗೇ ಚೀಲಕ್ಕೆ ಹಾಕ್ತೀನಿ."

"ಹಾಗೇ ಹಾಕಿದ್ರೆ ಗಡಿ ದಾಟಲ್ಲ," ಎಂದ ಪೋಸ್ಟ್‌ಮಾಸ್ತರ್, ಈ ಸಲ ನಗದೆ. "ವಾಪಸ್ ಬರುತ್ತೆ ನೀವೆಸ್."

ವಾಪಸ್ ಎಂಬ ಮಾತಿಗೆ ನೀವೆಸ್‌ಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಚೀಟಿಯ ಮಾತೆಯ ಕೈ ಎಲ್ಲಿತ್ತೋ ಅಲ್ಲಿಗೇ.

"ಹೊಡಿಯಮ್ಮ," ಎಂದಳು ನೀವೆಸ್. "ಅವನಿಗೆ ಮುಟ್ಟಲಿ. ನನಗೆ ಒಬ್ಬಳೇ ಹೆದರಿಕೊಂಡು ಕೂತು ಸಾಕಾಗಿದೆ."

ಎರ್ಸೀಲಿಯ ಎಡಗೈಯ ಹೆಬ್ಬೆರಳನ್ನು ಚೀಟಿಯ ಮೇಲೆ, ಮಾತೆಯ ಹೊಟ್ಟೆಗೆ ಅಡ್ಡವಾಗಿ ಇಟ್ಟಳು. ಏನು ಮಾಡುತ್ತಿದ್ದಾಳೆ ಎಂದು ನಮಗೆ ಅರ್ಥವಾಗುವ ಮೊದಲೇ ಬಲಗೈ ಎದ್ದು ಇಳಿಯಿತು. ಠಪ್. ಅಷ್ಟು ತಿಂಗಳ ಮೇಲೆ ನಮ್ಮೂರಿಗೆ ಅವಳ ಸದ್ದು ಕೇಳಿಸಿತು. ಸೀಲಿನ ಅರ್ಧ ಲಕೋಟೆಯ ಮೇಲೆ ಕಪ್ಪಗೆ, ಸ್ಪಷ್ಟವಾಗಿ ಬಿದ್ದಿತ್ತು. ಉಳಿದರ್ಧ ಅವಳ ಹೆಬ್ಬೆರಳ ಮೇಲೆ. ಮಾತೆಯ ಹೊಟ್ಟೆಯ ಮೇಲೆ ಒಂದು ಹನಿ ಇಂಕೂ ಇರಲಿಲ್ಲ.

"ಮುಂದಿನವರು ಬನ್ನಿ," ಎಂದಳು ಎರ್ಸೀಲಿಯ.

ಮಿಕ್ಕವರಿಗೂ ಹಾಗೆಯೇ. ಹೆಬ್ಬೆರಳು ಇಟ್ಟಳು, ಹೊಡೆದಳು. ಮತ್ತೆ ಸಾಲಿಗೆ ನಿಂತಿದ್ದ ಬೊಲೋನ್ಯದವನು, ಬೆರಳು ತೆಗೆಯಿರಿ ಎನ್ನಲು ಬಾಯಿ ತೆರೆದು, ಅದರ ಬಣ್ಣ ನೋಡಿ ಮುಚ್ಚಿಕೊಂಡ. ನಾನು ಓಡಿಹೋಗಿ ಬಟ್ಟೆಯಲ್ಲಿ ಐಸು ಕಟ್ಟಿ ತಂದರೆ ಬೇಡ ಎಂದು ತಲೆಯಾಡಿಸಿದಳು, ಸಾಲು ಮುಗಿಯುವ ತನಕ. ಆಮೇಲೆ ನನ್ನ ಅಂಗಡಿಯಲ್ಲಿ ನೀರಿನ ಬಟ್ಟಲಿಗೆ ಕೈ ಅದ್ದಿಕೊಂಡು ಕೂತಳು. ಉಗುರು ಕರ್ರಗಾಗಿತ್ತು.

"ಸೆತ್ತೀಮಿಯೊ, ನಾನೀಗ ಹೊಡೆದ ಹಾಗಾಯ್ತಾ, ಹೊಡೀದ ಹಾಗಾಯ್ತಾ?"

"ನನಗೇನು ಗೊತ್ತು? ಪಾದ್ರಿನ ಕೇಳು."

"ಕೇಳ್ದೆ. ಅವರು ನಿನ್ನ ಕೇಳು ಅಂದ್ರು."

ಆಗಸ್ಟಿಗೆ ಬರಬೇಕಾದ ಅಡೆಲ್ಮೊ ಜೂನ್ ಮುಗಿಯುವ ಮೊದಲೇ ಬಸ್ಸಿನಿಂದಿಳಿದ. ನೇರವಾಗಿ ಅಂಚೆ ಕಚೇರಿಗೆ ನುಗ್ಗಿದವನನ್ನು ನಾನೇ ನೋಡಿದೆ. ಏನಪ್ಪಾ, ಚೀಟಿ ನೋಡಿ ಖುಷಿಯಾಯಿತಾ ಎಂದರೆ, "ಚೀಟಿ ನೋಡಿ ಖುಷಿಯಾಯ್ತು, ಸೀಲು ನೋಡಿ ಹೆದರಿಕೆಯಾಯ್ತು," ಎಂದ. "ಅತ್ತೆ ಯಾವತ್ತೂ ಅರ್ಧ ಸೀಲು ಹೊಡೆದೋರಲ್ಲ. ಮನೇಲೇನೋ ಕೆಟ್ಟದ್ದಾಗಿದೆ ಅಂತ ರಾತ್ರಿಯೆಲ್ಲ ರೈಲಲ್ಲಿ ನಿಂತ್ಕೊಂಡೇ ಬಂದೆ." ಆ ಮಾತಿಗೆ ಎರ್ಸೀಲಿಯ ನಕ್ಕಳೋ ಅತ್ತಳೋ ಹೇಳುವುದು ಕಷ್ಟ.

ಸೆಪ್ಟೆಂಬರಿನಲ್ಲಿ ನೋವು ಕಾಣಿಸಿಕೊಂಡಾಗ ಕೆಳಗಿನ ಪಟ್ಟಣದ ಆಸ್ಪತ್ರೆಗೆ ನನ್ನ ಕಾರಿನಲ್ಲೇ ಹೋದದ್ದು. ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ಮತ್ತು ಹೆರಿಗೆಗೆಂದು ಮತ್ತೆ ರಜೆ ಹಾಕಿ ಬಂದಿದ್ದ ಅಡೆಲ್ಮೊ ಒಂದೇ ಸಿಗರೇಟನ್ನು ಹಂಚಿಕೊಂಡು ನಿಂತಿದ್ದೆವು. ಎರ್ಸೀಲಿಯ ಕೂರಲೇ ಇಲ್ಲ. ಹೆಣ್ಣುಮಗು, ತಾಯಿ ಮಗು ಕ್ಷೇಮ ಎಂದು ನರ್ಸು ಬಾಗಿಲು ತೆರೆದಾಗ ಅಡೆಲ್ಮೊ ಗೋಡೆಗೆ ಹಣೆ ಇಟ್ಟುಕೊಂಡು ನಿಂತುಬಿಟ್ಟ. ಒಳಗೆ ಹೋದವಳು ಎರ್ಸೀಲಿಯ. ನಾನು ಹೊಸಿಲಿನ ಆಚೆಯೇ ಉಳಿದೆ.

ಅವಳು ಮಗುವನ್ನು ಎತ್ತಿಕೊಂಡು ಮುದ್ದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ತಂದು, ಸುತ್ತಿದ್ದ ಬಟ್ಟೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಹೊಟ್ಟೆ ನೋಡಿದಳು. ತಿರುಗಿಸಿ ಬೆನ್ನು ನೋಡಿದಳು. ಕಂಕುಳು, ಕಿವಿಯ ಹಿಂದೆ, ಅಂಗಾಲು, ಬೆರಳಿನ ಸಂದಿ.

"ಏನು ಹುಡುಕ್ತಿದೀರಾ ಅಜ್ಜಿ? ಎಲ್ಲಾ ಸರಿಯಾಗಿದೆ," ಎಂದಳು ನರ್ಸು, ಗಾಬರಿಯಾಗಿ.

ಎರ್ಸೀಲಿಯ ಇನ್ನೊಂದು ಸಲ ತಲೆಯಿಂದ ಪಾದದವರೆಗೆ ನೋಡಿದಳು. ಆಗ ನನಗೆ ಹೊಳೆಯಿತು, ಅವಳು ಇಷ್ಟು ದಿನವೂ ಒಳಗೊಳಗೆ ಏನನ್ನು ನೋಡುತ್ತ ಇದ್ದಳು ಎಂದು. ಮಗುವಿನ ಮೈಮೇಲೆ ಸೀಲಿನ ಆ ಕಪ್ಪು ಉಂಗುರವನ್ನು.

"ಎಲ್ಲೂ ಬಿದ್ದಿಲ್ಲ ಸೆತ್ತೀಮಿಯೊ," ಎಂದಳು ನನ್ನ ಕಡೆ ತಿರುಗಿ, ಮಗುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಎಲ್ಲೂ ಇಲ್ಲ. ನೋಡು, ಬೇಕಾದ್ರೆ ನೀನೂ ನೋಡು."

ನಾನು ನೋಡಿದೆ. ಕಣ್ಣು ತುಂಬಿದ್ದರಿಂದ ಏನೂ ಸರಿಯಾಗಿ ಕಾಣಲಿಲ್ಲ. ಮಗು ಬರಿಮೈಯಲ್ಲಿ ಕೈಕಾಲು ಬಡಿಯುತ್ತ ಅರಚುತ್ತಿತ್ತು. ಹಾಸಿಗೆಯಿಂದ ನೀವೆಸ್ ಕೈಚಾಚಿದಳು.

"ಕೊಡಮ್ಮ ಇತ್ಲಾಗೆ. ಅವಳಿಗೆ ಚಳಿಯಾಗ್ತಿದೆ."